ತಿರುಗಾಟ ಅನ್ನಬೇಡಿ

ಇಸವಿ ಎರಡು ಸಾವಿರದ ಇನ್ನೂರ ಹದಿನಾಲ್ಕು, ಪತ್ತನಾಜೆಯ ಮರುದಿನ

ಕಂಪ್ಯೂಟರಿಗೆ ಕನ್ನಡ ಹಾಕಲು ಕೂತಿರುವ ಮಹನೀಯರೇ,

ನಾನು ವಾರಿಜಾಕ್ಷಿ, ದೋಣಿಮೇಳದ ಚೆಂಡೆಯವಳು. ನಿಮಗಿಂತ ಇನ್ನೂರು ವರ್ಷ ಮುಂದಿನಿಂದ ಬರೆಯುತ್ತಿದ್ದೇನೆ, ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮನ್ನು ನಂಬಿ ಬರೆಯುತ್ತಿದ್ದೇನೆ ಅಂತ ಮಾತ್ರ ತಿಳಿಯಬೇಡಿ. ಈಗೀಗ ನಾನು ಯಾರನ್ನೂ ನಂಬುವುದಿಲ್ಲ ಮಾರಾಯ್ರೆ. ಬೇರೆ ದಾರಿಯಿಲ್ಲದೆ ಬರೆಯುತ್ತಿದ್ದೇನೆ.

ನಮ್ಮ ಕಡೆಯ ರಸ್ತೆಗಳು ನೀರಿನಡಿಗೆ ಹೋಗಿ ಎಷ್ಟೋ ಕಾಲವಾಯಿತು. ಯಕ್ಷಗಾನದ ಮೇಳ ಈಗ ದೋಣಿಯಲ್ಲೇ ಊರೂರು ಸುತ್ತುತ್ತದೆ. ಬಣ್ಣ ಹಚ್ಚುವ ಚೌಕಿಯೂ ದೋಣಿಯಲ್ಲೇ. ಅಲೆ ಜೋರಾದರೆ ಹುಬ್ಬಿಗೆ ಎಳೆದ ಕಪ್ಪು ಕಿವಿಗೆ ಹೋಗುತ್ತದೆ. ದೀಪಾವಳಿ ಕಳೆದು ಹೊರಟು, ಮಳೆಗಾಲಕ್ಕೆ ಮುಂಚೆ ಆಟ ಮುಗಿಸುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವವರೆಗಿನ ಈ ಸುತ್ತಿಗೆ ನಾವು ಹೇಳುವುದು ತಿರುಗಾಟ ಅಂತ. ಇವತ್ತು ಆಟ ಎಲ್ಲಿ ಎಂದು ಜನರಿಗೆ ತಿಳಿಸಲು ಮೇಳದಲ್ಲೊಂದು ಲಿನಕ್ಸ್ ಕಂಪ್ಯೂಟರ್ ಉಂಟು, ನಿಮ್ಮ ಕಾಲದ್ದೇ, ರಿಪೇರಿ ಮಾಡಿ ಮಾಡಿ ಉಳಿಸಿಕೊಂಡದ್ದು. ಅದಕ್ಕೆ ಸಿಮ್ ಹಾಕಿ ಟವರ್ ಹಿಡಿಸುತ್ತೇವೆ. ಟವರ್ ಅಂದರೆ ನಿಮಗೆ ಬರೀ ಕಂಬ, ನಮಗೆ ಅದೇ ಸರ್ಕಾರ. ಮುಸ್ಸಂಜೆಗೆ ಪ್ರತಿ ಟವರೂ ಸಂಜೆಗುರುತು ಹಾಕುತ್ತದೆ. ಆ ಹೊತ್ತಿಗೆ ಯಾರ ಸಿಮ್ ಅದನ್ನು ಹಿಡಿದಿದೆಯೋ ಅವರು ಅದರ ಒಕ್ಕಲು. ಒಮ್ಮೆ ಒಕ್ಕಲಾದರೆ ಆ ಟವರಿನ ಅಪ್ಪಣೆಯಿಲ್ಲದೆ ಗಡಿ ದಾಟುವಂತಿಲ್ಲ.

ನನ್ನ ತಮ್ಮ ಸಂಜೀವ ಸ್ತ್ರೀವೇಷದವನು. ಸಿಮ್ ಅವನ ಹೆಸರಿನಲ್ಲಿತ್ತು. ಮೇಳ ಹೊರಡುವ ದಿನ ಮೊಬೈಲ್ ಬ್ರಾಡ್‌ಬ್ಯಾಂಡಿನ ಸೆಟ್ಟಿಂಗಿನಲ್ಲಿ ಅವನಿಗೊಂದು ಸಾಲು ಕಂಡಿತು: ಮನೆ ಜಾಲ ಸಿಗದಿದ್ದರೆ ತಿರುಗಾಟಕ್ಕೆ ಅನುಮತಿಸು. ನೀವು ರೋಮಿಂಗ್ ಅನ್ನುತ್ತೀರಲ್ಲ, ಅದಕ್ಕೆ ನಿಮ್ಮಲ್ಲೊಬ್ಬ ಪುಣ್ಯಾತ್ಮ ಆರಿಸಲಿರುವ ಕನ್ನಡ ಇದು! ಅರೆ, ನಮ್ಮ ಮೇಳದ ಸುದ್ದಿ ಇದಕ್ಕೂ ಗೊತ್ತುಂಟಲ್ಲ, ಅನುಮತಿಯಿಲ್ಲದೆ ತಿರುಗಾಟ ಉಂಟಾ ಅಂತ ನಗಾಡುತ್ತಾ ಟಿಕ್ ಹಾಕಿದ. ನಾವೆಲ್ಲ ನಕ್ಕೆವು. ಗಡಿಯ ಹತ್ತಿರ ಮನೆ ಜಾಲ, ಅಂದರೆ ನಮ್ಮ ಟವರ್, ಕೈಕೊಟ್ಟಿತು. ಕಂಪ್ಯೂಟರು ಸದ್ದಿಲ್ಲದೆ ಆಚೆ ದಡದ ಟವರ್ ಹಿಡಿಯಿತು, ಅಷ್ಟರಲ್ಲಿ ಮುಸ್ಸಂಜೆ. ಆ ಟವರಿನವರು ಬಂದು, ಬಣ್ಣ ಹಚ್ಚಿಕೊಂಡಿದ್ದವನನ್ನು ಹಾಗೇ ಕರೆದೊಯ್ದರು. ಸೀರೆಯ ನೆರಿಗೆ ಸರಿಮಾಡಿಕೊಳ್ಳಲೂ ಬಿಡಲಿಲ್ಲ.

ಈಗ ಅವನ ಹೆಸರಿನಲ್ಲಿ ಸಂದೇಶ ಬರುತ್ತದೆ. ಪ್ರಿಯ ಸಹೋದರಿ, ನಾನಿಲ್ಲಿ ಸುಖವಾಗಿದ್ದೇನೆ, ನೀವೊಮ್ಮೆ ತಿರುಗಾಟಕ್ಕೆ ಅನುಮತಿ ಕೊಟ್ಟರೆ ಮುಖ ನೋಡಿ ಮಾತಾಡಬಹುದು ಅಂತ. ಪ್ರಿಯ ಸಹೋದರಿಯಂತೆ! ನನ್ನ ಚೆಂಡೆಯನ್ನು ಹೀಯಾಳಿಸಿ ಜೀವಮಾನವಿಡೀ ಏ ಡಬ್ಬಿ ಅಂತ ಕರೆದವನು! ಇದು ಬೇರೆ ಯಾರೋ ಬರೆದದ್ದು. ಇಲ್ಲಾ ಪಕ್ಕದಲ್ಲಿ ಕೂತು ಬರೆಸಿದ್ದು. ಈಗಿನ ಸಿಮ್ ನನ್ನ ಹೆಸರಿನಲ್ಲಿದೆ. ಟಿಕ್ ಹಾಕಿದೆನೋ, ನಾನೂ ಆಚೆಯವಳೇ. ಆಮೇಲೆ ಅವನನ್ನು ಬಿಡಿ ಅಂತ ಕೇಳಲು ಈಚೆ ಯಾರೂ ಇರುವುದಿಲ್ಲ. ಆದರೂ ದಿನಾ ಆ ಸೆಟ್ಟಿಂಗ್ ತೆರೆಯುತ್ತೇನೆ, ಮುಚ್ಚುತ್ತೇನೆ. ನಿನ್ನೆ ಎಲ್ಲರೂ ಗೆಜ್ಜೆ ಬಿಚ್ಚಿ ಮನೆಗೆ ಹೋದರು. ನನಗೆ ಅಳು ತಡೆಯಲಾಗಲಿಲ್ಲ.

ನೀವಿನ್ನೂ ಆ ಪದ ಆರಿಸಿಲ್ಲ. ದಮ್ಮಯ್ಯ, ತಿರುಗಾಟ ಅನ್ನಬೇಡಿ. ಪರಜಾಲ ಅನ್ನಿ, ರೋಮಿಂಗ್ ಅಂತಲೇ ಬಿಡಿ, ನಾಲಿಗೆ ತಿರುಗದ ಯಾವುದಾದರೂ ಶಬ್ದ ಹಾಕಿ. ಅದು ಸಂಜೀವನಿಗೆ ಅರ್ಥವಾಗಬಾರದು. ಅರ್ಥವಾಗದಿದ್ದರೆ ಟಿಕ್ ಹಾಕುವ ಮೊದಲು ಅವನು ನನ್ನನ್ನು ಕೂಗಿ ಕೇಳುತ್ತಾನೆ. ನಾನು ಬೇಡ ಅನ್ನುತ್ತೇನೆ.