ಉಸಿರಿದೆ, ಡಾಕ್ಟರಮ್ಮ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನಿನ್ನ ಹಿಂದಿನ ಕಾಗದಗಳಿಗೆ ಉತ್ತರ ಬರೆಯದೆ ಕೂತಿದ್ದಕ್ಕೆ ಕೋಪ ಮಾಡಿಕೊಳ್ಳಬೇಡ. ಬರೆಯುವಂಥ ಸುದ್ದಿ ಆಗಲಿ ಎಂದು ಕಾಯುತ್ತಿದ್ದೆ. ನಿನ್ನ ಮಗಳಿಗೆ ಹಲ್ಲು ಬಂತೆಂದು ಓದಿ ತುಂಬ ಸಂತೋಷವಾಯಿತು. ಮೊದಲ ಹಲ್ಲಿನಲ್ಲೇ ಭಾವನ ಬೆರಳು ಕಚ್ಚಿದಳಂತೆ! ನನ್ನ ಹತ್ತಿರ ಕಳಿಸಿಬಿಡು. ಕಚ್ಚುವವರನ್ನು ಹಿಡಿಯುವುದೇ ಈಗ ನನ್ನ ಕಸುಬು.

ಹೌದು ಅಕ್ಕ, ಕಸುಬು. ಪ್ರಾಣಿಗಳ ಆಸ್ಪತ್ರೆಯಲ್ಲಿ ಗೂಡು ತೊಳೆಯುವುದಕ್ಕೆ ಸೇರಿದವಳು ಮೊನ್ನೆ ಗುರುವಾರದಿಂದ ಆಪರೇಷನ್ ಮೇಜಿನ ತಲೆಯ ಕಡೆ ನಿಲ್ಲುತ್ತಿದ್ದೇನೆ. ಹೇಗಾಯಿತೆಂದು ನಿನಗೆ ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ.

ನಮ್ಮಲ್ಲಿ ಡಾಕ್ಟರಮ್ಮ ಒಬ್ಬರು, ಅವರ ಬಲಗೈಯಾಗಿ ಸಿಸ್ಟರ್ ಒಬ್ಬರು. ಸಿಸ್ಟರ್ ಅಂದರೆ ಪ್ರಾಣಿಗಳ ನರ್ಸು. ರಕ್ತ ತೆಗೆಯುವುದು, ಸೂಜಿ ಕೂರಿಸುವುದು, ಎಕ್ಸ್-ರೇ ತೆಗೆಯುವಾಗ ಕಾಲು ನೇರ ಮಾಡಿಸುವುದು, ಅರಿವಳಿಕೆಯಲ್ಲಿ ಮಲಗಿದ ಪ್ರಾಣಿಯ ಉಸಿರು ಕಾಯುವುದು, ಎಲ್ಲ ಅವರದೇ. ನನ್ನ ಕೈ ನೋಡಿ ಅವರೇ ಕರೆದು ಕಲಿಸತೊಡಗಿದರು. "ಬಿಗಿಯಾಗಿ ಹಿಡಿದ್ರೆ ಜಗಳಕ್ಕೆ ಬಂದ್ಲು ಅಂದ್ಕೊಳ್ಳುತ್ತೆ, ಸಡಿಲ ಹಿಡಿದ್ರೆ ಓಡಿಹೋಗುತ್ತೆ. ತುಂಬಿದ ಪಾತ್ರೆ ಹಿಡ್ಕೊಂಡ ಹಾಗೆ ಹಿಡ್ಕೊ" ಎನ್ನುತ್ತಿದ್ದರು. ಬೆಕ್ಕಾದರೆ ಕತ್ತಿನವರೆಗೂ ಟವೆಲ್ ಸುತ್ತಬೇಕು. ಮೊಲವಾದರೆ ಎತ್ತುವಾಗ ಹಿಂಗಾಲಿಗೆ ಆಸರೆ ಕೊಡಬೇಕು, ಇಲ್ಲದಿದ್ದರೆ ಝಾಡಿಸಿ ಒದ್ದು ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳುತ್ತದೆ.

ಶುರುವಿನಲ್ಲಿ ನಾನು ಮಾಡಿದ ಘನಕಾರ್ಯ ಕೇಳು. ನಾಯಿಯ ಮುಂಗಾಲಿಗೆ ಇಂಜೆಕ್ಷನ್ ಕೊಡುವಾಗ ಹಿಡಿದುಕೊಂಡವರು ಹೆಬ್ಬೆರಳಿನಿಂದ ಕಾಲನ್ನು ಒತ್ತಬೇಕು, ಆಗ ರಕ್ತನಾಳ ಉಬ್ಬುತ್ತದೆ. ಸೂಜಿ ಒಳಗೆ ಹೋದ ಕೂಡಲೇ ಡಾಕ್ಟರಮ್ಮ "ಬಿಡು" ಅನ್ನುತ್ತಾರೆ. ಬೆರಳು ಬಿಡು ಎಂದು ಅದರ ಅರ್ಥ. ನಾನು ನಾಯಿಯನ್ನೇ ಬಿಟ್ಟೆ! ಕರುವಿನಂಥ ನಾಯಿ, ಮೇಜಿನಿಂದ ಹಾರಿದ್ದೇ ಹೊರಗೆ ಕಾಯುತ್ತಿದ್ದ ಅಜ್ಜನೊಬ್ಬರ ತೊಡೆಯೇರಿ ಕೂತಿತು. ಅಜ್ಜ ಅದರ ಬೆನ್ನು ಸವರುತ್ತಾ, "ಹುಡುಗೀನ ಬೈಬೇಡಿ ತಾಯಿ. ಬಿಡು ಅಂದ್ರಿ, ಬಿಟ್ಲು. ಈ ಕಾಲದಲ್ಲಿ ಅಷ್ಟು ಮಾತು ಕೇಳೋರು ಎಲ್ಲಿ ಸಿಗ್ತಾರೆ?" ಎಂದರು. ಅಂದಿನಿಂದ ನಮ್ಮ ಆಸ್ಪತ್ರೆಯಲ್ಲಿ ಯಾರೂ "ಬಿಡು" ಅನ್ನುವುದಿಲ್ಲ. "ಬೆರಳು" ಅನ್ನುತ್ತಾರೆ.

ಕೈ ಪಳಗಿತು. ಪಳಗದೆ ಉಳಿದದ್ದು ಬಾಯಿ. ಕೇಳಿದ್ದಕ್ಕೆಲ್ಲ ನಾನು ತಲೆ ಆಡಿಸುತ್ತಿದ್ದೆ, ತೀರಾ ಬೇಕಾದರೆ ಪಿಸುಗುಡುತ್ತಿದ್ದೆ. ಹೋದ ತಿಂಗಳು ಸಿಸ್ಟರ್ ತಮ್ಮ ಮಗಳ ಊರಿಗೆ ಹೋಗಿ ನೆಲೆಸುವುದೆಂದು ತೀರ್ಮಾನವಾಯಿತು. ಡಾಕ್ಟರಮ್ಮ ನನ್ನನ್ನು ಕರೆದರು.

"ನಿನ್ನ ಕೈ ಚಿನ್ನ ಕಣೇ. ಆದ್ರೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀಯ. ಆಪರೇಷನ್ನಲ್ಲಿ ನಾನು ಬಗ್ಗಿ ಹೊಟ್ಟೆ ಒಳಗೆ ಕೈ ಹಾಕಿರ್ತೀನಿ. ನೀನಲ್ಲಿ ತಲೆ ಆಡಿಸಿದ್ರೆ ನನಗೆ ಕಾಣುತ್ತಾ? ಬಾಯಿಲ್ಲದ ಪ್ರಾಣಿ ತಲೆ ಹತ್ರ ಬಾಯಿಲ್ಲದ ನರ್ಸ್ ನಿಲ್ಸಿದ್ರೆ ಅದರ ಗತಿ ಏನು, ನೀನೇ ಹೇಳು."

ನಾನು ತಲೆ ಆಡಿಸಿದೆ.

"ನೋಡು, ಮತ್ತೆ!" ಎಂದು ಹಣೆ ಚಚ್ಚಿಕೊಂಡರು. "ಮುಂದಿನ ತಿಂಗಳು ಒಂದು ಆಪರೇಷನ್ ನಿನ್ನದು. ಗಟ್ಟಿಯಾಗಿ ಹೇಳಿದ್ರೆ ಸಿಸ್ಟರ್ ಜಾಗ ನಿನಗೆ. ಇಲ್ದಿದ್ರೆ ಹೊರಗಿನವರನ್ನ ಕರೆಸ್ತೀನಿ. ಬೇಜಾರ್ ಮಾಡ್ಕೋಬೇಡ."

ಗೂಡು ತೊಳೆಯುವುದು ಕೀಳೆಂದು ನಾನು ಹೇಳುತ್ತಿಲ್ಲ ಅಕ್ಕ. ಆದರೆ ಒಂದು ಸಲ ಬೆರಳ ತುದಿಯಲ್ಲಿ ನಾಡಿ ಸಿಕ್ಕವಳಿಗೆ ಮತ್ತೆ ಬರೀ ಪೊರಕೆ ಹಿಡಿ ಎಂದರೆ ಸಂಕಟವಾಗುತ್ತದೆ. ಆ ಜಾಗ ನನಗೆ ಬೇಕಿತ್ತು. ಇಷ್ಟು ಬೇಕೆಂದು ಅನಿಸಿದ್ದು ಬೇರೆ ಯಾವುದೂ ಇಲ್ಲ.

ಸಿಸ್ಟರ್ ನನ್ನನ್ನು ಬಟ್ಟೆ ಒಗೆಯುವ ಕೋಣೆಗೆ ಕರೆದುಕೊಂಡು ಹೋಗಿ ಮಷೀನು ಓಡಲು ಬಿಟ್ಟು, ತಾವು ವಾರ್ಡಿನ ಆ ತುದಿಯಲ್ಲಿ ನಿಂತುಕೊಂಡರು. "ಅಲ್ಲಿಂದ ಕೂಗು, ಉಸಿರಿದೆ ಅಂತ!" ನಾನು ಕೂಗಿದೆ. "ಯಾರೋ ಕೆಮ್ಮಿದ ಹಾಗಿತ್ತು. ಇನ್ನೊಂದ್ಸಲ!" ದಿನವೂ ಇದೇ. ನಾಯಿಗಳೆಲ್ಲ ನನಗೆ ಉತ್ತರ ಕೊಡುತ್ತಿದ್ದವು. ರೆಕ್ಕೆ ಮುರಿದು ವಾರ್ಡಿನಲ್ಲಿದ್ದ ಗಿಳಿಯೊಂದು ಮಾತನ್ನು ಕಲಿತೇಬಿಟ್ಟಿತು. ಅದನ್ನು ಮನೆಗೆ ಒಯ್ದ ಅಜ್ಜಿ ಮಾರನೆಯ ದಿನವೇ ಬಂದು ಜಗಳ ತೆಗೆದರು. "ಏನ್ರಮ್ಮ ಕಲಿಸಿದೀರ ಇದಕ್ಕೆ? ನಾನು ಕಣ್ಮುಚ್ಚಿದ್ರೆ ಸಾಕು, 'ಉಸಿರಿದೆ, ಉಸಿರಿದೆ' ಅಂತ ಸೊಸೆಗೆ ವರದಿ ಒಪ್ಪಿಸುತ್ತೆ!"

ಗಿಳಿಗೆ ಬಂತು, ನನಗಿನ್ನೂ ಬಂದಿರಲಿಲ್ಲ.

ಗುರುವಾರ ಬಂದದ್ದು ಟೈಲರ್ ಸಾಕಿದ ಮೊಲ. ಅದರ ಹೆಸರು ದಿವಾನ. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಗರ್ಭಕೋಶದಲ್ಲಿ ಗಡ್ಡೆ ಇದೆ, ತೆಗೆಯಬೇಕು ಎಂದರು. ಟೈಲರ್ ಬೆಪ್ಪಾಗಿ ನಿಂತ. "ಗರ್ಭಕೋಶಾನಾ? ಇದು ಗಂಡಲ್ವಾ ಮೇಡಂ? ಮೀಸೆ ಇದೆಯಲ್ಲಾ!" ಎಲ್ಲರೂ ನಕ್ಕರು, ಅವನೂ ನಕ್ಕ. ಆಮೇಲೆ ಅಳತೆಯ ಟೇಪನ್ನು ಕತ್ತಿನಿಂದ ತೆಗೆದು ಮುದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದು, "ಮನೇಲಿ ನಾನು, ಅದು, ಇಬ್ರೇ ಮೇಡಂ" ಎಂದ. ಆಗ ಯಾರೂ ನಗಲಿಲ್ಲ.

ಮೊಲವನ್ನು ಅರಿವಳಿಕೆಯಲ್ಲಿ ಮಲಗಿಸುವುದು ಎಂಥವರಿಗೂ ಭಯವೇ. ಉಸಿರಿಗೆ ಒಂದು ಸಣ್ಣ ಕೊಳವೆ ಇಳಿಸಬೇಕು. ಅದರ ಬಾಯಿಯೋ ಕಿರುಬೆರಳು ಹಿಡಿಸುವಷ್ಟು, ಒಳಗೆ ಏನೂ ಕಾಣುವುದಿಲ್ಲ. ಹಾಗಾಗಿ ಕಿವಿಯಿಂದ ಹುಡುಕಬೇಕು. ತಲೆಯನ್ನು ಮೇಲ್ಮುಖವಾಗಿ ಎತ್ತಿ ಹಿಡಿದು, ನಾಲಿಗೆಯ ಮೇಲೆ ಕೊಳವೆ ಜಾರಿಸುತ್ತಾ, ಹೊರಗಿನ ತುದಿಗೆ ಕಿವಿಯಿಟ್ಟು ಕೇಳಬೇಕು. ಉಸಿರಿನ ಸದ್ದು ಎಲ್ಲಿ ಜೋರಾಗುತ್ತದೋ ಅಲ್ಲಿ ತಡೆದು, ಅದು ಉಸಿರೆಳೆದುಕೊಳ್ಳುವ ಗಳಿಗೆಯಲ್ಲೇ ಒಳಗೆ ತಳ್ಳಬೇಕು. ದಾರಿ ತಪ್ಪಿದರೆ ಸದ್ದು ನಿಂತುಹೋಗುತ್ತದೆ. ಮೊದಲ ಸಲ ನಿಂತೇಹೋಯಿತು. ಹಿಂದಕ್ಕೆಳೆದುಕೊಂಡು ಮತ್ತೆ ಕಿವಿಗೊಟ್ಟೆ. ಯಾರೋ ದೂರದಲ್ಲಿ ಒಲೆ ಊದುತ್ತಿರುವಂಥ ಸದ್ದು. ಬಂತು, ಹೋಯಿತು, ಬಂತು. ತಳ್ಳಿದೆ. ಕೊಳವೆಯೊಳಗೆ ಮಂಜು ಕಟ್ಟಿತು. ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಸಿಸ್ಟರ್ ಮುಖ ಅರಳಿತು. ಆದರೆ ಅವರ ಕಣ್ಣು ನನ್ನ ಬಾಯಿಯ ಮೇಲೇ ಇತ್ತು.

"ಉಸಿರಿದೆ" ಎಂದೆ. "ಹಾಂ?" ಎಂದರು ಡಾಕ್ಟರಮ್ಮ. "ಉಸಿರಿದೆ." ಕೇಳಿತೋ ಇಲ್ಲವೋ, ಅವರು ಕತ್ತರಿ ಎತ್ತಿಕೊಂಡರು.

ಗಡ್ಡೆ ಒಳಗೆ ಅಂಟಿಕೊಂಡಿತ್ತು. ಅದನ್ನು ಬಿಡಿಸಲು ಅವರು ಮೆಲ್ಲಗೆ ಎಳೆಯುತ್ತಿದ್ದಾಗ ನನ್ನ ಕಿವಿಯಲ್ಲಿದ್ದ ಸ್ಟೆತಾಸ್ಕೋಪಿನಲ್ಲಿ ಎದೆಬಡಿತ ಸಡಿಲವಾಯಿತು. ಓಡುತ್ತಿದ್ದದ್ದು ನಡೆಯತೊಡಗಿತು. ಕೊಳವೆಗೆ ಸಿಕ್ಕಿಸಿದ್ದ ಉಸಿರಿನ ಚೀಲ ಅಲುಗುವುದು ನಿಂತಿತು. ಡಾಕ್ಟರಮ್ಮನ ತಲೆ ಬಗ್ಗಿಯೇ ಇತ್ತು. ಅವರಿಗೆ ಕಾಣುವ ಹಾಗಿರಲಿಲ್ಲ. ನಾನು ತಲೆ ಆಡಿಸುತ್ತಿದ್ದೆ ಅಕ್ಕ! ಯಾರೂ ನೋಡದ ಕಡೆ ನಿಂತು, ಬೇಡ ಬೇಡ ಎಂದು ತಲೆ ಆಡಿಸುತ್ತಿದ್ದೆ. ಅಷ್ಟರಲ್ಲಿ ದಿವಾನನ ಕಿವಿ ನನ್ನ ಬೆರಳಿಗೆ ತಗುಲಿತು. ಗುಲಾಬಿ ಬಣ್ಣದ್ದು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು.

"ಎಳೀಬೇಡಿ! ಉಸಿರಿಲ್ಲ!"

ಆ ದನಿ ನನ್ನದೆಂದು ನನಗೇ ಗೊತ್ತಾಗಲಿಲ್ಲ. ಟ್ರೇಯಲ್ಲಿದ್ದ ಸಾಮಾನು ಝಣ್ ಎಂದಿತು. ಡಾಕ್ಟರಮ್ಮ ಆ ಕ್ಷಣವೇ ಕೈ ಸಡಿಲಿಸಿದರು. "ಅರಿವಳಿಕೆ ಇಳಿಸು, ಚೀಲ ಒತ್ತು, ಹೇಳ್ತಾ ಇರು!"

ಹೇಳುತ್ತಾ ಹೋದೆ. "ಇಳಿಸಿದೆ. ಒತ್ತುತ್ತಿದೀನಿ. ಎದೆ ಏಳ್ತಿದೆ. ಬಡಿತ ನಿಧಾನ. ಇನ್ನೂ ನಿಧಾನ. ತಡೀರಿ. ಬರ್ತಿದೆ, ಬರ್ತಿದೆ... ಕಿವಿ ಕೆಂಪಗಾಯ್ತು. ತಾನೇ ಎಳ್ಕೊಂಡ್ತು! ಉಸಿರಿದೆ, ಡಾಕ್ಟರಮ್ಮ!"

"ಕೇಳಿಸ್ತು ಕಣೇ, ಬೀದಿಗೆಲ್ಲ ಕೇಳಿಸ್ತು" ಎಂದರು. ಮುಖಕ್ಕೆ ಬಟ್ಟೆ ಕಟ್ಟಿದ್ದರೂ ಅವರು ನಗುತ್ತಿದ್ದದ್ದು ಕಣ್ಣಲ್ಲೇ ತಿಳಿಯಿತು. ಕೊನೆಯ ಹೊಲಿಗೆಯವರೆಗೂ ನಾನು ಬಾಯಿ ಮುಚ್ಚಲಿಲ್ಲ. ಕೊನೆಗೆ ಸಿಸ್ಟರ್, "ಸಾಕು ಮಾರಾಯ್ತಿ, ಇನ್ನು ಮೊಲ ಮಲಗ್ಲಿ" ಎಂದು ಬೆನ್ನಿಗೆ ಗುದ್ದಿದರು. ಗುದ್ದಿ ಅಲ್ಲೇ ಅಪ್ಪಿಕೊಂಡರು.

ಇಷ್ಟಕ್ಕೇ ಗೆದ್ದ ಹಾಗಲ್ಲ. ಆಪರೇಷನ್ ಆದ ಮೊಲ ತಿನ್ನಬೇಕು, ಹಿಕ್ಕೆ ಹಾಕಬೇಕು. ಅದರ ಹೊಟ್ಟೆ ನಿಂತರೆ ಜೀವವೂ ನಿಂತ ಹಾಗೆ. ಮಾರನೆಯ ಬೆಳಿಗ್ಗೆ ಗೂಡಿನ ಬಟ್ಟೆ ಎತ್ತಿದರೆ, ಕೊತ್ತಂಬರಿ ಸೊಪ್ಪು ಖಾಲಿ, ಮೂಲೆಯಲ್ಲಿ ದುಂಡನೆಯ ಹಿಕ್ಕೆ! "ಹಾಕಿದೆ!" ಎಂದು ನಾನು ಕೂಗಿದ್ದಕ್ಕೆ ಡಾಕ್ಟರಮ್ಮ ಚಹಾದ ಲೋಟದ ಸಮೇತ ಓಡಿ ಬಂದರು. ಬೆಳಗಾಗುತ್ತಲೇ ಬಂದು ಕೂತಿದ್ದ ಟೈಲರ್ ಒಂದು ಹಿಕ್ಕೆಯನ್ನು ಅಂಗೈಯಲ್ಲಿ ಮುತ್ತಿನ ಹಾಗೆ ಹಿಡಿದು ನೋಡಿದ. ಆಮೇಲೆ ಟೇಪು ತೆಗೆದು, ಕೇಳದೆಯೇ ನನ್ನ ಭುಜದ ಅಳತೆ ಹಿಡಿದ. "ನೀಲಿ ಕೋಟು ಹೊಲೀತೀನಿ. ಜೇಬಿನ ಮೇಲೆ ಏನಂತ ಹಾಕ್ಲಿ?"

ನಾನು ಡಾಕ್ಟರಮ್ಮನನ್ನು ನೋಡಿದೆ. ಅವರು ಬೇಕೆಂದೇ ಗೋಡೆ ನೋಡುತ್ತಾ ಚಹಾ ಕುಡಿಯುತ್ತಿದ್ದರು.

"ಸಿಸ್ಟರ್ ಅಂತ ಹಾಕಿ" ಎಂದೆ. ಗಟ್ಟಿಯಾಗಿ.

ಇಷ್ಟು ಅಕ್ಕ. ಭಾವನಿಗೆ ನಮಸ್ಕಾರ, ಪುಟ್ಟಿಗೆ ಹೊಸ ಹಲ್ಲಿನ ಮೇಲೊಂದು ಮುತ್ತು. ಅವಳು ನೂರು ಕಾಲ ಚೆನ್ನಾಗಿರಲಿ. ನಿನ್ನ ಹರಕೆ ನನ್ನ ತಲೆ ಮೇಲಿರಲಿ.

ನಿನ್ನ ತಂಗಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಹೆದರಿಕೆಯಿತ್ತು. ನನ್ನ ನಾಲ್ಕನೇ ತರಗತಿ ಮುಗಿದ ಬೇಸಿಗೆಯಲ್ಲಿ ಅಪ್ಪ, "ಬಾಯೇ ಬಿಡದ ಹುಡುಗಿಗೆ ಇನ್ಯಾವ ಶಾಲೆ? ದೊಡ್ಡವಳು ಹೋಗ್ಲಿ, ಇವಳು ಮನೇಲಿರ್ಲಿ" ಎಂದರು. ನಾನು ಬಾಗಿಲ ಸಂದಿಯಿಂದ ನಿನ್ನನ್ನೇ ನೋಡುತ್ತಿದ್ದೆ. ಅಂಗಡಿಯಲ್ಲಿ, ಟೀಚರ್ ಮುಂದೆ, ನೆಂಟರೆದುರು ನನ್ನ ಮಾತನ್ನೆಲ್ಲ ಆಡುತ್ತಿದ್ದವಳು ನೀನು. "ಅವಳಿಗೆ ನೀರು ಬೇಕಂತೆ", "ಅವಳಿಗೆ ಲೆಕ್ಕ ಬರುತ್ತೆ ಟೀಚರ್" ಎಂದು ಹೇಳುತ್ತಿದ್ದವಳು. ಅಂದು ಮಾತ್ರ ನೀನು ಜಡೆ ಹೆಣೆದುಕೊಳ್ಳುತ್ತಾ ಕೂತಿದ್ದೆ, ಏನೂ ಹೇಳಲಿಲ್ಲ. ಯಾಕಕ್ಕ? ನೀನು ಏನು ಬರೆದರೂ ನನಗೆ ಅಕ್ಕನೇ. ಸುಮ್ಮನೆ ಮಾತ್ರ ಇರಬೇಡ.