ಜೊಂಡು ಕೊಯ್ದ ದಡ

ಮಾರ್ಚ್ 3
ಜೊಂಡು ಕೊಯ್ಯುವವರು ಬಂದರು. ಪ್ರತಿ ವರ್ಷ ಕಾಲುವೆಯ ಎರಡೂ ದಡ ಬೋಳಿಸುವುದು ವಾಡಿಕೆ. ಈ ಸಲ ಮೇಸ್ತ್ರಿಗೆ ಹೇಳಿದೆ — ಆಚೆ ದಡದ್ದು ಪೂರ್ತಿ ತೆಗಿ, ನಮ್ಮ ಮನೆ ಕಡೆಯದನ್ನು ಮುಟ್ಟಬೇಡ.
“ಯಾಕೆ ಮೇಡಂ?”
“ಮೀನು ಮೊಟ್ಟೆ ಇಡುತ್ತೆ.”
ತಲೆಯಾಡಿಸಿದ. ಕಾಲುವೆ ಇಂಜಿನಿಯರ್ ನಾನೇ, ನಾನು ಹೇಳಿದ ಮೇಲೆ ಮುಗಿಯಿತು.
ಆಚೆ ದಡದಲ್ಲಿ ಅಕ್ಕ ಒಬ್ಬಳೇ. ಈಚೆ ನಾನು, ಅಮ್ಮ. ಅಮ್ಮ ಉಣ್ಣುವುದು ನನ್ನ ಮನೆಯಲ್ಲಿ, ಕಣ್ಣು ನೆಟ್ಟಿರುವುದು ಅಕ್ಕನ ಕಿಟಕಿಯಲ್ಲಿ. “ನೋಡೇ, ಬಟ್ಟೆ ಒಣಗಿಸೋದ್ರಲ್ಲೂ ಎಷ್ಟು ಅಚ್ಚುಕಟ್ಟು ಅವಳು!” ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ.

ಮಾರ್ಚ್ 5
ಅಕ್ಕ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದಳು! “ನಮ್ಮ ಕಡೆ ಕನ್ನಡಿ ಥರ ಮಾಡ್ಸಿದೀಯಲ್ಲೇ. ನಿನ್ನ ಕಡೆ ಕಾಡು ಹಾಗೇ ಇದೆ. ನಿನಗೆ ನಿನ್ನ ಯೋಚನೇನೇ ಇಲ್ಲ.” ನಗು ತಡೆಯಲು ನಾಲಿಗೆ ಕಚ್ಚಿಕೊಂಡೆ.

ಜೂನ್ 20
ಹೊಸ ನೀರು. ಜೊಂಡಿನೊಳಗೆ ನುಗ್ಗಿದ್ದು ಸುಸ್ತಾಗಿ, ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸುತ್ತಿದೆ. ಈಚೆ ದಾರಿ ಕಟ್ಟಿದರೆ ಸೆಳವು ಎಲ್ಲಿಗೆ ಹೋಗಬೇಕು? ಬೋಳು ದಡಕ್ಕೆ. ಬುಡ ಕೊರೆಯುತ್ತಿದೆ. ಮೇಲಿಂದ ಏನೂ ಕಾಣುವುದಿಲ್ಲ.

ಆಗಸ್ಟ್ 9
ಅಕ್ಕನ ಬಚ್ಚಲ ಗೋಡೆ ಬಿರುಕು ಬಿಟ್ಟಿದೆ. ಕರೆಸಿದಳು.
“ನೀರಿನ ವಿಷಯ ನಿನಗಲ್ಲದೆ ಯಾರಿಗೆ ಗೊತ್ತು? ಹೆದರ್ಬೇಕಾ?”
ಬಗ್ಗಿ ದಡಕ್ಕೆ ಕೈ ಹಾಕಿದೆ. ಮೊಣಕೈವರೆಗೂ ಪೊಳ್ಳು.
“ಹಳೇ ಗಾರೆ ಅಕ್ಕ, ಅಷ್ಟೇ. ಆರಾಮಾಗಿರು.”
ಟೀ ಕೊಟ್ಟಳು. ಹಾಳಾದವಳು, ಟೀ ಕೂಡ ಚೆನ್ನಾಗಿ ಮಾಡುತ್ತಾಳೆ.

ಅಕ್ಟೋಬರ್ 2
ಹೋಯಿತು. ಬಚ್ಚಲು, ಅಡುಗೆಮನೆ, ಆ ಕಿಟಕಿ — ಬೆಳಿಗ್ಗೆ ಒಂದೇ ಸಲಕ್ಕೆ ಕಾಲುವೆಗೆ. ಅಕ್ಕ ಹೊರಗಿದ್ದಳು, ಬದುಕಿದಳು. ಖುಷಿಯಾಯಿತು, ಮನೆ ಹೋದದ್ದಕ್ಕೆ. ಸುಳ್ಳೇಕೆ?
ಸಂಜೆ ಟ್ರಂಕ್ ಹಿಡಿದು ಇಲ್ಲಿಗೇ ಬಂದಳು! ಇದು ನನಗೆ ಹೊಳೆದಿರಲೇ ಇಲ್ಲ. ಅಮ್ಮ ಅಂದದ್ದು: “ನಿನ್ನ ರೂಮು ಅವಳಿಗೆ ಬಿಡು. ಹಾಲ್‌ನಲ್ಲಿ ಮಲಗಿದ್ರೆ ನಿನಗೇನು?”

ಅಕ್ಟೋಬರ್ 30
ನೀರಿಳಿದಿದೆ. ಜೊಂಡಿನ ನಡುವೆ ಹೂಳಿನ ಹೊಸ ನೆಲ ಎದ್ದಿದೆ. ಮೇಲೆ ಒಣಗಿದೆ, ಗಟ್ಟಿ ಅನಿಸುತ್ತದೆ. ಅಕ್ಕ ದಿನಾ ಅಲ್ಲಿ ಕುರ್ಚಿ ಹಾಕಿ ಕೂತು ತನ್ನ ಮುರುಕು ಮನೆ ನೋಡುತ್ತಾಳೆ.
“ಕೂರೋದ್ರಲ್ಲೂ ಎಷ್ಟು ಅಚ್ಚುಕಟ್ಟು ನೋಡೇ!”
ನೋಡಿದೆ, ಅಮ್ಮ. ಆ ಮಣ್ಣನ್ನು ಹಿಡಿದಿರುವುದು ಜೊಂಡಿನ ಬೇರು ಮಾತ್ರ.

ನವೆಂಬರ್ 5
ಮೇಸ್ತ್ರಿ ಈ ಕಡೆಯದನ್ನೂ ಬೇರು ಸಮೇತ ಕಿತ್ತ.
“ಮೀನು, ಮೇಡಂ?”
“ಮರಿ ಆಗಿ ಹೋದವು.”

ನವೆಂಬರ್ 6, ಬೆಳಿಗ್ಗೆ
ಅಕ್ಕ ಕುರ್ಚಿ ಎತ್ತಿಕೊಂಡು ಹೊರಟಳು. ಮೇಲೆ ಕಾಲುವೆಗೆ ನೀರು ಬಿಡುವ ಗೇಟ್‌ನವನಿಗೆ ಫೋನ್ ಮಾಡಿದೆ — ಗೇಟು ಪೂರ್ತಿ ಎತ್ತು.
ಹಾಲ್‌ನಲ್ಲಿ ಕೂತು ಬರೆಯುತ್ತಿದ್ದೇನೆ. ನೀರಿನ ಸದ್ದು ಬದಲಾಯಿತು. ಬಂತು.
ಅಮ್ಮ ಏನೂ ಅನ್ನುತ್ತಿಲ್ಲವಲ್ಲ... ಕಿಟಕಿಯ ಹತ್ತಿರ ಇಲ್ಲ. ಅಮ್ಮ ಕೂರುವ ಕುರ್ಚಿಯೂ ಇಲ್ಲ —
ಹೊರಗೆ ಹೂಳಿನ ಮೇಲೆ ಎರಡು ಕುರ್ಚಿ. ಅಮ್ಮ ಯಾವಾಗ