ಮನೆಯವರಿಗಲ್ಲದ ಪುಸ್ತಕ

ಪ್ಯಾರಿಸ್, ೯ ನವೆಂಬರ್ ೧೬೭೬

ತಮ್ಮ ಗ್ಯಾಸ್ಪಾರ್‌ಗೆ,

ನಿನ್ನ ಮಗಳು ಇಸಾಬೋ ನನ್ನ ಮನೆಯಲ್ಲಿದ್ದಾಳೆ. ನೀನು ಸನ್ಯಾಸಿನಿಯರ ಮಠಕ್ಕೆ ಕಳಿಸಿದ ಗಾಡಿಯಿಂದ ದಾರಿಯಲ್ಲೇ ಇಳಿದು ನಡೆದು ಬಂದಳು. ಹುಡುಕಿಸಬೇಡ.

ಗಂಡು ಹೆಣ್ಣು ಸಮಾನರೆಂದು ನೀನು ಬರೆದ ಪುಸ್ತಕವನ್ನು ಊರೇ ಹೊಗಳುತ್ತಿದೆ. ಭಾನುವಾರ ಊಟಕ್ಕೆ ಕೂತಾಗ, ನೀನು ಗೊತ್ತುಮಾಡಿದ, ಐವತ್ತು ದಾಟಿದ ಆ ನ್ಯಾಯಾಧೀಶನನ್ನು ಮದುವೆಯಾಗಲಾರೆ ಎನ್ನುತ್ತ ಅವಳು ಅದರ ಮಾತನ್ನೇ ನಿನ್ನ ಮುಂದಿಟ್ಟಳು: "ಅಪ್ಪಾ, ಬುದ್ಧಿಗೆ ಗಂಡು ಹೆಣ್ಣು ಅಂತಿಲ್ಲ ಅಂತ ನೀವೇ ಬರ್ದಿದೀರಲ್ಲ. ನನ್ನ ಗಂಡ ಯಾರಾಗ್ಬೇಕು ಅಂತ ನಾನು ಯೋಚಿಸ್ಬಾರದಾ?"

"ಅದು ಓದೋರಿಗೆ ಬರ್ದಿದ್ದು ಕಣೇ, ಮನೆಯೋರಿಗಲ್ಲ" ಎಂದೆ ನೀನು. ನಿನ್ನ ಸ್ನೇಹಿತರು ಬಾತುಕೋಳಿಯ ಮೂಳೆ ಚೀಪುತ್ತಲೇ ನಕ್ಕರು. ನಾನೂ ಅಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ. ಅದಕ್ಕೆ ನನ್ನ ಮೇಲೂ ನನಗೆ ಹೇಸಿಗೆಯಾಗಿದೆ. ಮರುದಿನವೇ ನೀನು ಅವಳನ್ನು ಗಾಡಿ ಹತ್ತಿಸಿದೆ.

ಅವಳ ಉಣ್ಣೆಯ ಮೇಲಂಗಿಯನ್ನೂ ಬೂಟುಗಳನ್ನೂ ಈ ಪತ್ರ ತಂದವಳ ಕೈಯಲ್ಲಿ ಕಳಿಸು. ಅಂಗಾಲಿನ ಬೊಬ್ಬೆಗಳು ಒಡೆದಿವೆ.

ಎರಡನೆಯ ಮುದ್ರಣವನ್ನು "ಓದು ಕಲಿಸಿದ ಅಕ್ಕ ಮಾರ್ಥ್‌ಗೆ" ಅರ್ಪಿಸುತ್ತೀಯಂತೆ. ಆ ಸಾಲು ತೆಗೆಸು. ನಿನಗೆ ಓದು ಕಲಿಸಿದವಳು ನಾನೆಂದು ಜನಕ್ಕೆ ತಿಳಿಯುವುದು ಬೇಡ.

ಮಾರ್ಥ್